ಗಾಲಿಯ ಮೇಲಿನ ಮನೆಗೆ ಕರೆಂಟು

ದೀಪ ಹತ್ತಿತು, ಫ್ಯಾನು ತಿರುಗಿತು. ಇನ್ನೇನು, ಕರೆಂಟು ಸರಿಯಾಗಿದೆ ಎಂದು ನಾವೆಲ್ಲ ತಿಳಿಯುತ್ತೇವೆ. ವಿದ್ಯುತ್ತಿನ ವ್ಯವಹಾರದಲ್ಲಿ ಇದಕ್ಕಿಂತ ಅಪಾಯಕರವಾದ ತಿಳಿವಳಿಕೆ ಇನ್ನೊಂದಿಲ್ಲ. ದೀಪ ಉರಿಯಲು ಎರಡು ತಂತಿ ಸಾಕು. ಜೀವ ಉಳಿಯಲು ಮೂರನೆಯದೂ ಬೇಕು. ಆ ಮೂರನೆಯ ತಂತಿ ತುಂಡಾಗಿದ್ದರೂ ದೀಪ ಎಂದಿನಂತೆಯೇ ಉರಿಯುತ್ತದೆ. ಆದ್ದರಿಂದ ಅದು ತುಂಡಾಗಿರುವುದು ಯಾರಿಗೂ ಗೊತ್ತಾಗುವುದಿಲ್ಲ.

ಈ ಮಾತು ಎಲ್ಲ ಮನೆಗಳಿಗೂ ಅನ್ವಯಿಸುತ್ತದೆ. ಆದರೆ ದಿನಕ್ಕೊಂದು ಊರಿನಲ್ಲಿ, ದಿನಕ್ಕೊಂದು ಹೊಸ ಸಾಕೆಟ್ಟಿಗೆ ಪ್ಲಗ್ ಚುಚ್ಚಬೇಕಾದ ಮನೆಯೊಂದಿದೆ. ಅದನ್ನು ನೋಡಿದರೆ ಈ ಪಾಠ ಬೇಗ ಮನಸ್ಸಿಗೆ ಇಳಿಯುತ್ತದೆ.

ಅಮೆರಿಕದಲ್ಲಿ ಆರ್.ವಿ. ಎಂದು ಕರೆಯುವ ವಾಹನಗಳಿವೆ. ರಿಕ್ರಿಯೇಷನಲ್ ವೆಹಿಕಲ್ ಎಂಬುದರ ಮೊಟಕು ರೂಪ ಅದು. ಬಸ್ಸಿನಷ್ಟು ದೊಡ್ಡ ಗಾಡಿಯೊಳಗೆ ಮಂಚ, ಅಡಿಗೆಮನೆ, ಸ್ನಾನದ ಮನೆ, ತಂಗಳುಪೆಟ್ಟಿಗೆ, ಹವಾನಿಯಂತ್ರಕ ಎಲ್ಲವೂ ಇರುತ್ತವೆ. ಕೆಲವು ತಾವೇ ಓಡುತ್ತವೆ, ಕೆಲವನ್ನು ಕಾರಿನ ಹಿಂದೆ ಕಟ್ಟಿಕೊಂಡು ಎಳೆಯಬೇಕು. ಬೇಸಿಗೆ ರಜೆ ಬಂದರೆ ಇಂಥದ್ದೊಂದನ್ನು ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಎಂದು ಹೊರಡುವವರಲ್ಲಿ ನಮ್ಮ ಕನ್ನಡದ ಸಂಸಾರಗಳೂ ಇವೆ. ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋದ ಅಪ್ಪ ಅಮ್ಮಂದಿರೂ ಅದರಲ್ಲಿ ಕುಳಿತು ಊರು ಸುತ್ತಿ ಬರುತ್ತಾರೆ.

ಗಾಡಿ ಓಡುವಾಗ ಒಳಗಿನ ದೀಪ, ನೀರಿನ ಪಂಪು ಇತ್ಯಾದಿಗಳು 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತವೆ. ರಾತ್ರಿ ತಂಗುವ ಜಾಗದಲ್ಲಿ ಮಾತ್ರ ಹೊರಗಿನ ಕರೆಂಟು ಬೇಕು. ಅದಕ್ಕೆಂದೇ ಅಲ್ಲಿ ಆರ್.ವಿ. ಪಾರ್ಕುಗಳಿವೆ. ಪ್ರತಿ ಗಾಡಿ ನಿಲ್ಲುವ ಕಡೆ ಸೊಂಟದೆತ್ತರದ ಒಂದು ಕಂಬ, ಅದರ ಮೇಲೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸಾಕೆಟ್ಟುಗಳು ಮತ್ತು ಬ್ರೇಕರುಗಳು. ಯೆಲ್ಲೋಸ್ಟೋನಿನ ಫಿಶಿಂಗ್ ಬ್ರಿಜ್ ಎಂಬಲ್ಲಿ ಇಂಥ ಪಾರ್ಕ್ ಇದೆ. ಅಲ್ಲಿ ಕರಡಿಗಳ ಕಾಟವಿರುವುದರಿಂದ ಬಟ್ಟೆಯ ಡೇರೆಗಳಿಗೆ ಅವಕಾಶವಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗಷ್ಟೇ ಪ್ರವೇಶ. ಕರಡಿಗೆ ಹೆದರುವ ನಾವು ಪಕ್ಕದ ಕಂಬದ ಪೆಟ್ಟಿಗೆಗೂ ಸ್ವಲ್ಪ ಹೆದರುವುದು ಒಳ್ಳೆಯದು.

ಎರಡು ಬಗೆಯ ಪ್ಲಗ್ಗು

ನಮ್ಮ ದೇಶದಲ್ಲಿ ಮನೆಗೆ ಬರುವುದು 230 ವೋಲ್ಟ್. ಅಮೆರಿಕದಲ್ಲಿ ಸಾಮಾನ್ಯ ಸಾಕೆಟ್ಟಿನಲ್ಲಿ ಸಿಗುವುದು 120 ವೋಲ್ಟ್. ಪಾರ್ಕಿನ ಕಂಬದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಸಾಕೆಟ್ಟುಗಳಿರುತ್ತವೆ: 20 ಆಂಪಿಯರ್, 30 ಆಂಪಿಯರ್, 50 ಆಂಪಿಯರ್. ಆರ್.ವಿ.ಗಳಿಗೆ ಮುಖ್ಯವಾದುವು ಕೊನೆಯ ಎರಡು.

30 ಆಂಪಿಯರಿನ ಪ್ಲಗ್ಗಿಗೆ ಮೂರು ಪಿನ್ನು: ಫೇಸ್, ನ್ಯೂಟ್ರಲ್, ಅರ್ತ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆಂದು ಹೈಸ್ಕೂಲಿನ ಮಕ್ಕಳಿಗೆಲ್ಲ ಗೊತ್ತು. 120ನ್ನು 30ರಿಂದ ಗುಣಿಸಿದರೆ 3,600 ವ್ಯಾಟ್. 50 ಆಂಪಿಯರಿನ ಪ್ಲಗ್ಗಿಗೆ ನಾಲ್ಕು ಪಿನ್ನು. ಅದರಲ್ಲಿ ಎರಡು ಫೇಸುಗಳಿವೆ, ಪ್ರತಿಯೊಂದರಲ್ಲೂ 120 ವೋಲ್ಟ್, 50 ಆಂಪಿಯರ್. ಹಾಗಾಗಿ ಒಟ್ಟು 12,000 ವ್ಯಾಟ್. ಹೆಸರಿನಲ್ಲಿ 30ಕ್ಕೂ 50ಕ್ಕೂ ಇರುವ ಅಂತರ ಎರಡು ಪಟ್ಟೂ ಇಲ್ಲ. ಶಕ್ತಿಯಲ್ಲಿ ಅದು ಮೂರು ಪಟ್ಟನ್ನು ಮೀರುತ್ತದೆ.

50ರ ಗಾಡಿಯನ್ನು 30ರ ಸಾಕೆಟ್ಟಿಗೆ ಜೋಡಿಸಲು ನಡುವೆ ಹಾಕುವ ಅಡಾಪ್ಟರು ಸಿಗುತ್ತದೆ. ಅದನ್ನು ಬಳಸಬಹುದು. ಆದರೆ ಅಡಾಪ್ಟರು ಆಕಾರವನ್ನು ಬದಲಾಯಿಸುತ್ತದೆಯೇ ಹೊರತು ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಹವಾನಿಯಂತ್ರಕಕ್ಕೆ 13 ಆಂಪಿಯರ್, ಉಪ್ಪಿಟ್ಟು ಬೇಯಿಸುವ 1,800 ವ್ಯಾಟಿನ ಇಂಡಕ್ಷನ್ ಒಲೆಗೆ 15 ಆಂಪಿಯರ್, ಸ್ನಾನದ ನೀರು ಕಾಯಿಸುವ 1,440 ವ್ಯಾಟಿನ ಹೀಟರಿಗೆ 12 ಆಂಪಿಯರ್. ಕೂಡಿಸಿದರೆ 40. ಸಾಕೆಟ್ಟು ಕೊಡುವುದು 30. ಬ್ರೇಕರು ಬೀಳುತ್ತದೆ, ಬೀಳಲೇಬೇಕು. ಅದಕ್ಕೆ ಬೈಯುತ್ತ ಮತ್ತೆ ಮತ್ತೆ ಮೇಲೆತ್ತುವ ಬದಲು ಒಲೆ ಉರಿಯುವಾಗ ಹೀಟರನ್ನು ಆರಿಸುವುದು ಜಾಣತನ. ಗಂಟೆಗಟ್ಟಲೆ ನಡೆಯುವ ಹೊರೆಯಾದರೆ 30ರಲ್ಲಿ 24 ಆಂಪಿಯರಿಗೇ ನಿಲ್ಲಿಸುವುದು ಕ್ಷೇಮ.

ಬೆಚ್ಚಗಿರುವ ಪ್ಲಗ್ಗು ಹೇಳುವ ಕಥೆ

ಪಾರ್ಕಿನ ಸಾಕೆಟ್ಟಿಗೆ ವರ್ಷದುದ್ದಕ್ಕೂ ನೂರಾರು ಜನ ಪ್ಲಗ್ ಚುಚ್ಚಿ ಕೀಳುತ್ತಾರೆ. ಒಳಗಿನ ಲೋಹದ ಹಿಡಿತ ಸಡಿಲವಾಗುತ್ತದೆ. ಸಡಿಲವಾದಲ್ಲಿ ರೋಧ ಹೆಚ್ಚು. ಅಲ್ಲಿ ಕೇವಲ 0.1 ಓಮ್ ರೋಧವಿದೆ ಎಂದುಕೊಳ್ಳಿ. 30 ಆಂಪಿಯರ್ ಹರಿದರೆ ಹುಟ್ಟುವ ಶಾಖವೆಷ್ಟು? 30ರ ವರ್ಗ 900, ಅದನ್ನು 0.1ರಿಂದ ಗುಣಿಸಿದರೆ 90 ವ್ಯಾಟ್. ಹಳೆಯ ಕಾಲದ ಒಂದು ದೊಡ್ಡ ಬಲ್ಬಿನ ಶಾಖವೆಲ್ಲ ಬೆರಳುಗಾತ್ರದ ಪಿನ್ನಿನ ಬುಡದಲ್ಲಿ! ಪ್ಲಾಸ್ಟಿಕ್ ಕಂದುತ್ತದೆ, ಕರಗುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಬ್ರೇಕರು ಇದನ್ನು ತಡೆಯಲಾರದು. ಏಕೆಂದರೆ ಹರಿಯುತ್ತಿರುವ ವಿದ್ಯುತ್ತು ಮಿತಿಯೊಳಗೇ ಇದೆ.

ಆದ್ದರಿಂದ ಸಾಕೆಟ್ಟಿನ ಸುತ್ತ ಕಪ್ಪು ಕಲೆಯೋ ಕಂದು ಬಣ್ಣವೋ ಕಂಡರೆ ಆ ಜಾಗವೇ ಬೇಡ, ಬೇರೆ ಜಾಗ ಕೊಡಿ ಎಂದು ಕೇಳಬೇಕು. ಜೋಡಿಸಿ ಅರ್ಧ ಗಂಟೆಯ ನಂತರ ಪ್ಲಗ್ಗಿನ ಹೊರಮೈಯನ್ನು ಮುಟ್ಟಿ ನೋಡಬೇಕು. ತುಸು ಬೆಚ್ಚಗಿದ್ದರೆ ಪರವಾಗಿಲ್ಲ, ಕೈಯಿಡಲಾರದಷ್ಟು ಬಿಸಿಯಾಗಿದ್ದರೆ ಬ್ರೇಕರು ಆರಿಸಬೇಕು.

ವೈರಿನ ದಪ್ಪಕ್ಕೂ ಇದೇ ಲೆಕ್ಕ. ಅಲ್ಲಿ ತಂತಿಯ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣದು. 30 ಆಂಪಿಯರಿಗೆ 10ನೇ ಗೇಜು, 50ಕ್ಕೆ 6ನೇ ಗೇಜು ಬೇಕು. ಗಾಡಿಯ ವೈರು ಕಂಬದವರೆಗೆ ಎಟುಕಲಿಲ್ಲವೆಂದು ಅಂಗಡಿಯಲ್ಲಿ ಸಿಗುವ 16ನೇ ಗೇಜಿನ ತೆಳು ಎಕ್ಸ್‌ಟೆನ್ಷನ್ ವೈರನ್ನು ತಂದು ಸಿಕ್ಕಿಸುವವರಿದ್ದಾರೆ. ಆ ತಂತಿಗೆ ಸಾವಿರ ಅಡಿಗೆ ಸುಮಾರು 4 ಓಮ್ ರೋಧ. 50 ಅಡಿಯ ವೈರಿನಲ್ಲಿ ವಿದ್ಯುತ್ತು ಹೋಗಿ ಬರುವ ದಾರಿ 100 ಅಡಿ, ರೋಧ 0.4 ಓಮ್. 15 ಆಂಪಿಯರ್ ಹರಿದರೂ ವೈರಿನಲ್ಲೇ 90 ವ್ಯಾಟ್ ಶಾಖ ಹುಟ್ಟುತ್ತದೆ. ವೈರು ಉದ್ದಕ್ಕೆ ಹರಡಿಕೊಂಡಿದ್ದರೆ ಗಾಳಿಗೆ ಹೇಗೋ ತಣಿಯುತ್ತದೆ. ಸುರುಳಿ ಸುತ್ತಿ ಮೂಲೆಗೆ ಒತ್ತರಿಸಿದರೆ ಶಾಖ ಹೊರಗೆ ಹೋಗಲು ದಾರಿಯಿಲ್ಲ. ನಮ್ಮ ಮನೆಗಳಲ್ಲಿ ಇಸ್ತ್ರಿ ಪೆಟ್ಟಿಗೆಗೆ ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ಬಳಸುವವರೂ ಇದನ್ನು ಗಮನಿಸಬೇಕು.

ಗಾಡಿಯ ಮೈಯೇ ಕರೆಂಟಾದರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಮನೆ ನೆಲದ ಮೇಲೆ ನಿಂತಿರುತ್ತದೆ. ಆರ್.ವಿ. ನಿಂತಿರುವುದು ರಬ್ಬರಿನ ಟೈರುಗಳ ಮೇಲೆ. ಅಂದರೆ ಆ ಲೋಹದ ಗಾಡಿಗೂ ಭೂಮಿಗೂ ನಂಬಬಹುದಾದ ಸಂಬಂಧವೇ ಇಲ್ಲ. ಗಾಡಿಯ ಮೈಯನ್ನು ಸುರಕ್ಷಿತವಾಗಿ ಇಟ್ಟಿರುವುದು ಪ್ಲಗ್ಗಿನ ಮೂಲಕ ಬರುವ ಅರ್ತ್ ತಂತಿಯೊಂದೇ.

ಗಾಡಿ ಸಾವಿರಾರು ಮೈಲಿ ಕುಲುಕಾಡಿದಾಗ ಒಳಗೆಲ್ಲೋ ಫೇಸ್ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿತು ಎನ್ನಿ. ಅರ್ತ್ ತಂತಿ ಸರಿಯಾಗಿದ್ದರೆ ಅದರ ಮೂಲಕ ಭಾರಿ ವಿದ್ಯುತ್ತು ಹರಿದು, ಕ್ಷಣಾರ್ಧದಲ್ಲಿ ಬ್ರೇಕರು ಬಿದ್ದು, ಅಪಾಯ ಕಳೆಯುತ್ತದೆ. ಅರ್ತ್ ತುಂಡಾಗಿದ್ದರೆ? ವಿದ್ಯುತ್ತಿಗೆ ಹೋಗಲು ದಾರಿಯಿಲ್ಲ. ಬಾಗಿಲ ಹಿಡಿ, ಮೆಟ್ಟಿಲು, ಚೌಕಟ್ಟು ಸಮೇತ ಇಡೀ ಗಾಡಿ 120 ವೋಲ್ಟಿಗೇರಿ ಸುಮ್ಮನೆ ಕಾಯುತ್ತದೆ. ಒಳಗೆ ದೀಪ ಉರಿಯುತ್ತಿದೆ, ಟಿ.ವಿ. ನಡೆಯುತ್ತಿದೆ. ಒಳಗೆ ಕೂತವರಿಗೆ ಏನೂ ಆಗುವುದಿಲ್ಲ. ತಂತಿಯ ಮೇಲೆ ಕೂತ ಹಕ್ಕಿಗೆ ಶಾಕ್ ಹೊಡೆಯದಿರುವುದೂ ಇದೇ ಕಾರಣಕ್ಕೆ. ಅಪಾಯವಿರುವುದು ಒಂದು ಕಾಲು ಒದ್ದೆ ನೆಲದ ಮೇಲೆ, ಒಂದು ಕೈ ಬಾಗಿಲ ಹಿಡಿಯ ಮೇಲೆ ಇರುವ ಕ್ಷಣದಲ್ಲಿ. ಬರಿಗಾಲಿನಲ್ಲಿ ಆಡಿ ಓಡಿ ಬರುವ ಮಕ್ಕಳಿಗೇ ಈ ಅಪಾಯ ಹೆಚ್ಚು.

120 ವೋಲ್ಟ್ ಎಂದರೆ ನಮ್ಮದರ ಅರ್ಧ, ಅಷ್ಟೇನೂ ಭಯವಿಲ್ಲ ಎನ್ನುವವರು ಈ ಲೆಕ್ಕ ನೋಡಬೇಕು. ಒದ್ದೆಯಾದ ಮೈಯ ರೋಧ ಸುಮಾರು 1,000 ಓಮಿಗೆ ಇಳಿಯಬಹುದು. 120ನ್ನು 1,000ದಿಂದ ಭಾಗಿಸಿದರೆ 0.12 ಆಂಪಿಯರ್, ಅಂದರೆ 120 ಮಿಲಿಆಂಪಿಯರ್. 10ರಿಂದ 20 ಮಿಲಿಆಂಪಿಯರಿಗೇ ಕೈಯ ಸ್ನಾಯು ಸೆಟೆದುಕೊಂಡು, ಹಿಡಿದದ್ದನ್ನು ಬಿಡಲಾಗುವುದಿಲ್ಲ. 50ರಿಂದ 100 ಮಿಲಿಆಂಪಿಯರ್ ಎದೆಯ ಮೂಲಕ ಹಾದರೆ ಹೃದಯದ ತಾಳ ತಪ್ಪಬಹುದು. ಬ್ರೇಕರು ಬೀಳುವುದಾದರೋ 30 ಆಂಪಿಯರಿಗೆ, ಅಂದರೆ 30,000 ಮಿಲಿಆಂಪಿಯರಿಗೆ! ಮನುಷ್ಯನನ್ನು ಕೊಲ್ಲಬಲ್ಲ ವಿದ್ಯುತ್ತಿನ 250 ಪಟ್ಟು ಹರಿದರೆ ಮಾತ್ರ ಅದಕ್ಕೆ ಎಚ್ಚರ. ಬ್ರೇಕರು ಇರುವುದು ವೈರನ್ನು ಕಾಯಲು, ನಮ್ಮನ್ನು ಕಾಯಲು ಅಲ್ಲ.

ನಮ್ಮನ್ನು ಕಾಯುವ ಸಾಧನ ಬೇರೆಯೇ ಇದೆ. ಹೋದ ವಿದ್ಯುತ್ತೆಲ್ಲ ಮರಳಿ ಬಂತೇ ಎಂದು ಅದು ಸದಾ ತೂಗಿ ನೋಡುತ್ತದೆ. ಲೆಕ್ಕದಲ್ಲಿ ಸುಮಾರು 5 ಮಿಲಿಆಂಪಿಯರ್ ಕಡಿಮೆಯಾದರೂ, ಯಾರದೋ ಮೈಯ ಮೂಲಕ ಸೋರಿಹೋಗಿರಬಹುದೆಂದು ಶಂಕಿಸಿ ಕತ್ತರಿಸಿಬಿಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಚಾರ್ಲ್ಸ್ ಡಾಲ್ಜಿಯೆಲ್ ಎಂಬ ಪ್ರಾಧ್ಯಾಪಕರು 1961ರಲ್ಲಿ ಇದನ್ನು ರೂಪಿಸಿದರು. ಅಮೆರಿಕದಲ್ಲಿ ಇದರ ಹೆಸರು ಜಿ.ಎಫ್.ಸಿ.ಐ. ನಮ್ಮ ಮನೆಗಳಲ್ಲಿ ಆರ್.ಸಿ.ಸಿ.ಬಿ. ಎಂಬ ಹೆಸರಿನಲ್ಲಿ ಕೂರಿಸುವುದು ಇದರ ಬಂಧುವನ್ನೇ. ಅದು ಸಾಮಾನ್ಯವಾಗಿ 30 ಮಿಲಿಆಂಪಿಯರಿಗೆ ಬೀಳುತ್ತದೆ. ಆದರೆ ಪಾರ್ಕಿನ ಕಂಬದಲ್ಲಿ 20 ಆಂಪಿಯರಿನ ಸಾಕೆಟ್ಟಿಗೆ ಈ ಕಾವಲಿದ್ದರೂ 30 ಮತ್ತು 50ರ ಸಾಕೆಟ್ಟುಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಹಾಗಾದರೆ ಗಾಡಿಯ ಪಕ್ಕದಲ್ಲೇ ಒಂದು ಕಬ್ಬಿಣದ ಸರಳು ಹೂತು, ಅದಕ್ಕೊಂದು ತಂತಿ ಕಟ್ಟಿದರಾಗದೇ ಎಂದು ಬುದ್ಧಿವಂತ ಹುಡುಗರು ಕೇಳಬಹುದು. ಆಗದು. ಮಣ್ಣು ಒಳ್ಳೆಯ ತಂತಿಯಲ್ಲ. ಸರಳಿಗೂ ಭೂಮಿಗೂ ನಡುವೆ 25 ಓಮ್ ರೋಧವಿದೆ ಎಂದುಕೊಂಡರೂ ಹರಿಯುವುದು 120ನ್ನು 25ರಿಂದ ಭಾಗಿಸಿದಷ್ಟು, ಅಂದರೆ 4.8 ಆಂಪಿಯರ್. 30ರ ಬ್ರೇಕರಿಗೆ ಇದು ಲೆಕ್ಕವೇ ಅಲ್ಲ. ಬ್ರೇಕರು ಬೀಳುವುದಿಲ್ಲ, ಗಾಡಿಯ ಮೈಯಲ್ಲಿ ಕರೆಂಟು ಉಳಿದೇ ಇರುತ್ತದೆ. ನಮ್ಮ ಕಡೆ ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ ಅರ್ತಿಂಗ್ ಮಾಡಿಸಿದವರೂ ಜೊತೆಗೆ ಆರ್.ಸಿ.ಸಿ.ಬಿ. ಹಾಕಿಸಬೇಕು ಎನ್ನುವುದು ಇದಕ್ಕೇ.

ಕಪ್ಪು ತಂತಿಯ ಮೋಸ

ಇಲ್ಲಿಂದ ಹೋದವರು ವಿಶೇಷವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ನಮ್ಮ ಮನೆಗಳ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಅಮೆರಿಕದಲ್ಲಿ ಕಪ್ಪೇ ಫೇಸ್! ಬಿಳಿಯದು ನ್ಯೂಟ್ರಲ್, ಹಸಿರು ಅರ್ತ್. ಊರಿನಲ್ಲಿ ಮನೆಯ ಸಣ್ಣಪುಟ್ಟ ರಿಪೇರಿಯನ್ನೆಲ್ಲ ತಾವೇ ಮಾಡಿ ಅಭ್ಯಾಸವಿರುವ ಅಪ್ಪಂದಿರು ಅಲ್ಲಿ ಪ್ಲಗ್ಗನ್ನು ಬಿಚ್ಚಿ, ಕಪ್ಪು ತಂತಿ ನಿರಪಾಯಕಾರಿ ಎಂದು ಭಾವಿಸಿದರೆ ಅನಾಹುತ ತಪ್ಪಿದ್ದಲ್ಲ. ವೈರಿನ ಬಣ್ಣ ಒಂದೊಂದು ದೇಶದಲ್ಲಿ ಒಂದೊಂದು ಭಾಷೆ.

ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೂ ದೀಪ ಉರಿಯುತ್ತದೆ. ಆದರೆ ಆಗ ಸ್ವಿಚ್ಚು ಕತ್ತರಿಸುವುದು ನ್ಯೂಟ್ರಲ್ಲನ್ನು. ದೀಪ ಆರಿದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ.

ಇದಕ್ಕಿಂತ ದೊಡ್ಡ ಅವಾಂತರ ಮನೆಯಂಗಳದಲ್ಲಿ ನಡೆಯುತ್ತದೆ. ಗಾಡಿಯನ್ನು ಮನೆಯ ಬಳಿಯೇ ನಿಲ್ಲಿಸಲೆಂದು ಗ್ಯಾರೇಜಿನಲ್ಲಿ 30 ಆಂಪಿಯರಿನ ಸಾಕೆಟ್ಟು ಹಾಕಿಸುತ್ತಾರೆ. ಅಮೆರಿಕದ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೂ 30 ಆಂಪಿಯರಿನ ಸಾಕೆಟ್ಟೇ. ಆದರೆ ಅದು 240 ವೋಲ್ಟಿನದು. ಆರ್.ವಿ.ಯ ಪರಿಚಯವಿಲ್ಲದ ಎಲೆಕ್ಟ್ರಿಷಿಯನ್ 30 ಎಂದ ಕೂಡಲೇ ಅದನ್ನೇ ನೆನೆದು ಎರಡು ಫೇಸುಗಳನ್ನು ತಂದು ಜೋಡಿಸುವುದುಂಟು. ಆಗ 120ಕ್ಕೆ ಮಾಡಿದ ಉಪಕರಣಗಳಿಗೆಲ್ಲ 240 ನುಗ್ಗುತ್ತದೆ. ಮೈಕ್ರೋವೇವ್, ಟಿ.ವಿ., ಬ್ಯಾಟರಿ ಚಾರ್ಜರು ಒಟ್ಟಿಗೇ ಸುಟ್ಟುಹೋಗಬಹುದು. ಪ್ಲಗ್ ಚುಚ್ಚುವ ಮೊದಲು ಮೀಟರು ಹಿಡಿದು ನೋಡಿದ್ದರೆ ಎಲ್ಲ ಉಳಿಯುತ್ತಿತ್ತು.

ಜೋಡಿಸುವ ಕ್ರಮ

ಅನುಭವಸ್ಥರು ಪಾಲಿಸುವ ಕ್ರಮ ಹೀಗಿದೆ. ಮೊದಲು ಗಾಡಿಯೊಳಗಿನ ದೊಡ್ಡ ಉಪಕರಣಗಳನ್ನು ಆರಿಸಬೇಕು. ಕಂಬದ ಬ್ರೇಕರನ್ನೂ ಆರಿಸಬೇಕು. ಸಾಕೆಟ್ಟನ್ನು ಕಣ್ಣಿನಿಂದ ಪರೀಕ್ಷಿಸಬೇಕು. ನಂತರ ಮೂರು ಪುಟ್ಟ ದೀಪಗಳ ಪರೀಕ್ಷಕವನ್ನೋ ಕಾವಲು ಪೆಟ್ಟಿಗೆಯನ್ನೋ ಸಾಕೆಟ್ಟಿಗೆ ಸಿಕ್ಕಿಸಿ ಬ್ರೇಕರು ಹಾಕಿದರೆ ಅರ್ತ್ ಇದೆಯೇ, ತಂತಿಗಳು ಅದಲುಬದಲಾಗಿವೆಯೇ ಎಂಬುದು ತಿಳಿಯುತ್ತದೆ. ಒಳ್ಳೆಯ ಕಾವಲು ಪೆಟ್ಟಿಗೆಗಳು ವೋಲ್ಟೇಜು 104ಕ್ಕಿಂತ ಇಳಿದರೂ 132ಕ್ಕಿಂತ ಏರಿದರೂ ತಾವೇ ಕತ್ತರಿಸುತ್ತವೆ. ವೋಲ್ಟೇಜು ಕುಸಿದರೆ ಹವಾನಿಯಂತ್ರಕದ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯಾಗಿ ಕೆಡುತ್ತದೆ. ಬೇಸಿಗೆಯಲ್ಲಿ ನಮ್ಮ ಹಳ್ಳಿಗಳ ಪಂಪ್‌ಸೆಟ್ಟುಗಳು ಸುಡುವುದೂ ಹೀಗೆಯೇ.

ಪರೀಕ್ಷೆ ಮುಗಿದ ಮೇಲೆ ಬ್ರೇಕರನ್ನು ಮತ್ತೆ ಆರಿಸಿ, ವೈರಿನ ಗಾಡಿಯ ಕಡೆಯ ತುದಿಯನ್ನು ಮೊದಲು, ಕಂಬದ ಕಡೆಯದನ್ನು ಆಮೇಲೆ ಜೋಡಿಸಬೇಕು. ಅನಂತರವೇ ಬ್ರೇಕರು, ಕೊನೆಗೆ ಒಂದೊಂದಾಗಿ ಉಪಕರಣಗಳು. ಬಿಚ್ಚುವಾಗ ಇದೇ ಕ್ರಮ ಹಿಂದುಮುಂದು. ಮುಟ್ಟದೆಯೇ ಕರೆಂಟು ಪತ್ತೆಹಚ್ಚುವ ಪೆನ್ನಿನಂಥ ಟೆಸ್ಟರನ್ನು ನೆಲದ ಮೇಲೆ ನಿಂತು ಗಾಡಿಯ ಮೈಯ ಹತ್ತಿರ ಹಿಡಿದರೆ, ಮೈಯಲ್ಲಿ ಕರೆಂಟಿದ್ದರೆ ಅದು ಕೂಗುತ್ತದೆ. ಬಾಗಿಲು ಮುಟ್ಟಿದಾಗ ಸಣ್ಣಗೆ ಜುಂ ಎಂದರೂ ಅಲಕ್ಷ್ಯ ಮಾಡಬಾರದು. ಗಾಡಿಯನ್ನು ಮತ್ತೆ ಮುಟ್ಟದೆ ಕಂಬದ ಬಳಿ ಹೋಗಿ ಬ್ರೇಕರು ಆರಿಸಿ, ಪಾರ್ಕಿನವರಿಗೆ ಹೇಳಬೇಕು.

ಎಂದೂ ಮಾಡಬಾರದ ಕೆಲಸ ಒಂದಿದೆ. ಮನೆಗೆ ಕರೆಂಟು ಇಲ್ಲದಾಗ ಗಾಡಿಯ ಜನರೇಟರಿನಿಂದ, ಎರಡೂ ತುದಿಗೆ ಪಿನ್ನಿರುವ ವೈರಿನ ಮೂಲಕ, ಮನೆಯ ಸಾಕೆಟ್ಟಿಗೆ ಕರೆಂಟು ನುಗ್ಗಿಸುವುದು. ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದಿನ ಭೇದವಿಲ್ಲ. 7,200 ವೋಲ್ಟನ್ನು 240ಕ್ಕೆ ಇಳಿಸುವ ಅದೇ ಪೆಟ್ಟಿಗೆ 240ನ್ನು 7,200ಕ್ಕೆ ಏರಿಸಿ ಲೈನಿಗೆ ಕಳಿಸುತ್ತದೆ. ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣ ಹೋಗುತ್ತದೆ. ನಮ್ಮ ಊರುಗಳಲ್ಲಿ ಜನರೇಟರು ಇಟ್ಟುಕೊಂಡವರಿಗೂ ಇದು ಅಕ್ಷರಶಃ ಅನ್ವಯ. ಚೇಂಜ್‌ಓವರ್ ಸ್ವಿಚ್ಚು ಇಲ್ಲದೆ ಮನೆಯ ವೈರಿಂಗಿಗೆ ಜನರೇಟರು ಜೋಡಿಸಲೇಬಾರದು.

ಮಕ್ಕಳಿಗೆ ಒಂದು ಲೆಕ್ಕ

50 ಆಂಪಿಯರಿನ ಪ್ಲಗ್ಗಿನಲ್ಲಿ ಎರಡು ಫೇಸುಗಳ ನಡುವೆ 240 ವೋಲ್ಟ್, ಪ್ರತಿ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 120 ವೋಲ್ಟ್. ಒಂದು ಬದಿಯಲ್ಲಿ 10 ಓಮಿನ ಹೀಟರು, ಇನ್ನೊಂದು ಬದಿಯಲ್ಲಿ 40 ಓಮಿನ ಉಪಕರಣ ಇದೆ. ಇದ್ದಕ್ಕಿದ್ದಂತೆ ನ್ಯೂಟ್ರಲ್ ಪಿನ್ನು ಸುಟ್ಟು ಸಂಪರ್ಕ ತಪ್ಪಿತು. ಏನಾಗುತ್ತದೆ?

ಈಗ ಎರಡೂ 240 ವೋಲ್ಟಿಗೆ ಸರಣಿಯಲ್ಲಿ ಸೇರಿದಂತಾಯಿತು. ಒಟ್ಟು ರೋಧ 50 ಓಮ್, ಹರಿಯುವ ವಿದ್ಯುತ್ತು 4.8 ಆಂಪಿಯರ್. ಹೀಟರಿಗೆ ಸಿಗುವುದು 48 ವೋಲ್ಟ್; ನೀರು ಕಾಯುವುದೇ ಇಲ್ಲ. ಇನ್ನೊಂದಕ್ಕೆ ಸಿಗುವುದು 192 ವೋಲ್ಟ್, ಅದು ಸುಟ್ಟುಹೋಗುತ್ತದೆ. ಬ್ರೇಕರು ಮಾತ್ರ ಕದಲುವುದಿಲ್ಲ. ಆದ್ದರಿಂದ ಕೆಲವು ದೀಪ ಮಂಕಾಗಿ ಕೆಲವು ವಿಪರೀತ ಪ್ರಕಾಶಿಸತೊಡಗಿದರೆ ಕೂಡಲೇ ಮೇನ್ ಆರಿಸಬೇಕು. ನಮ್ಮಲ್ಲಿ ಮೂರು ಫೇಸಿನ ಮನೆಗಳಲ್ಲಿ ನ್ಯೂಟ್ರಲ್ ಕಳಚಿದಾಗ ಟಿ.ವಿ., ಫ್ರಿಜ್ಜುಗಳು ಸುಡುವುದು ಇದೇ ತತ್ತ್ವದ ಮೇಲೆ.

ಇನ್ನು ಮನೆಯಲ್ಲೇ ನೋಡಬಹುದಾದ ಸಂಗತಿಯೊಂದಿದೆ. ನಿಮ್ಮ ಮಿಕ್ಸಿಯದೋ ಇಸ್ತ್ರಿಯದೋ ಮೂರು ಪಿನ್ನಿನ ಪ್ಲಗ್ಗನ್ನು ಕೈಗೆತ್ತಿಕೊಳ್ಳಿ. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಉದ್ದವೇಕೆಂದರೆ ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಸೇರಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ದಪ್ಪವೇಕೆಂದರೆ ತಪ್ಪಿ ಕೂಡ ಫೇಸಿನ ತೂತಿಗೆ ಹೋಗಬಾರದು. ಅದೇ ಅರ್ತ್. ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಲಿಲ್ಲವೆಂದು ಆ ಪಿನ್ನನ್ನು ಮುರಿದು ಹಾಕುವ ಮಹಾನುಭಾವರು ಎಲ್ಲ ಊರುಗಳಲ್ಲೂ ಇದ್ದಾರೆ. ಮುರಿದ ಮೇಲೂ ಮಿಕ್ಸಿ ತಿರುಗುತ್ತದೆ.

ಆರ್.ಸಿ.ಸಿ.ಬಿ. ಇದ್ದರೆ ಅದರ ಮೇಲೆ ಟಿ ಅಕ್ಷರದ ಒಂದು ಗುಂಡಿಯಿದೆ. ತಿಂಗಳಿಗೊಮ್ಮೆ ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ನಿಲ್ಲಿಸಿಕೊಂಡು ಅದನ್ನು ಒತ್ತಿ. ಟಪ್ಪೆಂದು ಕರೆಂಟು ಹೋದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಹೋಗದಿದ್ದರೆ ಎಲೆಕ್ಟ್ರಿಷಿಯನ್ನನನ್ನು ಕರೆಸಲು ಮನೆಯವರಿಗೆ ಹೇಳಿ. ಇಷ್ಟು ಬಿಟ್ಟು, ಸಾಕೆಟ್ಟು ಬಿಚ್ಚುವ, ತಂತಿ ಜೋಡಿಸುವ ಪ್ರಯೋಗಗಳನ್ನು ನೀವಾಗಿ ಮಾಡಬೇಡಿ.